ಕೊಲೆಗಾರ ಮ್ಯಾನೇಜರ್ ಅಲ್ಲ

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಲೈಬ್ರರಿ ಅಂದರೆ ಅರ್ಧ ಅಂಗಡಿ. ಇನ್ನರ್ಧದಲ್ಲಿ ಅದೇ ಯಜಮಾನರು ವಾಚು ರಿಪೇರಿ ಮಾಡುತ್ತಿದ್ದರು. ಕಾದಂಬರಿಗೆ ದಿನಕ್ಕೆ 50 ಪೈಸೆ ಬಾಡಿಗೆ. ಅಲ್ಲಿಂದ ತಂದ ಒಂದು ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ‘ಕೊಲೆಗಾರ ಮ್ಯಾನೇಜರ್’ ಎಂದು ಬರೆದಿಟ್ಟಿದ್ದರು. ಹೊಟ್ಟೆ ಉರಿದುಹೋಯಿತು. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಹಾಗೇ ಓದಿದೆ. ಮ್ಯಾನೇಜರ್ ಕಾಫಿ ಕುಡಿದರೂ ಅನುಮಾನ, ಬೆವರು ಒರೆಸಿಕೊಂಡರೂ ಅನುಮಾನ, ಅವನ ಹೆಂಡತಿ ತವರಿಗೆ ಹೋದರಂತೂ ಅನುಮಾನವೋ ಅನುಮಾನ. ಕೊನೆಗೆ ನೋಡಿದರೆ ಕೊಲೆ ಮಾಡಿದ್ದು ಸತ್ತವನ ಭಾವಮೈದುನ! ಮ್ಯಾನೇಜರ್ ಪಾಪ, ಇಡೀ ಕಥೆಯಲ್ಲಿ ಒಂದು ಲೆಕ್ಕ ಕೂಡ ತಪ್ಪು ಬರೆದವನಲ್ಲ.

ಆ ಪೆನ್ಸಿಲಿನವರೇ ಆ ಕಾದಂಬರಿಕಾರರಿಗಿಂತ ದೊಡ್ಡ ಪತ್ತೇದಾರಿ ಲೇಖಕರು ಅಂತ ಈಗಲೂ ನನ್ನ ನಂಬಿಕೆ.

ಇದು ನೆನಪಾಗಿದ್ದು, ಮೊನ್ನೆ ರಜೆಗೆ ಊರಿಗೆ ಹೊರಟ ಸಹೋದ್ಯೋಗಿಯೊಬ್ಬರು “ತಲೆಗೆ ಜಾಸ್ತಿ ಕೆಲಸ ಕೊಡದೇ ಇರೋ ಪುಸ್ತಕ ಯಾವುದಾದ್ರೂ ಇದ್ರೆ ಹೇಳಿ, ಪತ್ತೇದಾರಿ ಗಿತ್ತೇದಾರಿ ಆದ್ರೂ ಪರವಾಗಿಲ್ಲ” ಅಂದಾಗ. ಆ ‘ಗಿತ್ತೇದಾರಿ’ ನನಗೆ ಚುಚ್ಚಿತು. ತಲೆಗೆ ಕೆಲಸ ಕೊಡದ ಪುಸ್ತಕ ಬೇಕಿದ್ದರೆ ಗಂಭೀರ ಸಾಹಿತ್ಯದಲ್ಲೇ ಬೇಕಾದಷ್ಟಿದೆ ಸ್ವಾಮಿ, ತೂಕಡಿಸುತ್ತ ಓದಿ ಮೆಚ್ಚಿಕೊಳ್ಳಬಹುದು. ಪತ್ತೇದಾರಿ ಓದುವವರು ಮಾತ್ರ ತೂಕಡಿಸುವ ಹಾಗಿಲ್ಲ. ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತೋ ಹೊರಗಿನಿಂದಲೋ ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕು.

ನಮ್ಮ ಹಿರಿಯರಿಗೆ ಈ ಚಟ ಅಂಟಿಸಿದವರು ಎನ್. ನರಸಿಂಹಯ್ಯ. ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಅರಿಂಜಯ, ಮಧುಸೂದನ, ಗಾಳಿರಾಯ ಅಂತ ಅವರ ಪತ್ತೇದಾರರ ಹೆಸರು ಹೇಳಿದರೆ ಎಪ್ಪತ್ತು ದಾಟಿದವರ ಮುಖ ಈಗಲೂ ಅರಳುತ್ತದೆ. ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿ ಏಟು ತಿಂದ ಕಥೆ ಅವರೆಲ್ಲರ ಹತ್ತಿರವೂ ಇದೆ. ಈಗ ಓದಿದರೆ ಹಿಡಿಸುತ್ತದೆಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಒಂದೆರಡು ಹಿಡಿಸುತ್ತವೆ, ಆಮೇಲೆ ಸಾಕೆನಿಸುತ್ತದೆ. ನಾನಾದರೆ ಟಿ.ಕೆ. ರಾಮರಾವ್ ಅವರ ಪತ್ತೇದಾರಿ ಕಾದಂಬರಿ ಕೈಗೆ ಕೊಡುತ್ತೇನೆ. ‘ಬಂಗಾರದ ಮನುಷ್ಯ’ 1972ರಲ್ಲಿ ಸಿನಿಮಾ ಆಗಿ ಅವರ ಹೆಸರು ಅದಕ್ಕೇ ಅಂಟಿಕೊಂಡುಬಿಟ್ಟಿತು. ಅದನ್ನು ಬರೆದ ಕೈಯೇ ‘ಸೀಳು ನಕ್ಷತ್ರ’ವನ್ನೂ ಬರೆದಿದೆ ಅಂದರೆ ಎಷ್ಟೋ ಜನ ನಂಬುವುದೇ ಇಲ್ಲ.

ಆದರೆ ನನ್ನ ಅಸಲಿ ಶಿಫಾರಸು ತೇಜಸ್ವಿಯವರ ‘ಚಿದಂಬರ ರಹಸ್ಯ’. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ನೋಡಿ, ಅಲ್ಲಿಗೆ ಅದು ‘ಮಹತ್ವದ ಕೃತಿ’ಯಾಗಿ ಕಪಾಟು ಸೇರಿತು. ಪ್ರಶಸ್ತಿಯ ಸ್ಟಿಕರ್ ಕಿತ್ತು ಓದಿ. ಕೆಸರೂರಿನ ಏಲಕ್ಕಿ ಇಳುವರಿ ಯಾಕೆ ಕುಸಿಯುತ್ತಿದೆ, ಅದರ ಸಂಶೋಧನೆಯಲ್ಲಿದ್ದ ಜೋಗಿಹಾಳರು ಸತ್ತದ್ದು ಹೇಗೆ ಅಂತ ಪತ್ತೆ ಮಾಡಲು ಅಂಗಾಡಿ ಅನ್ನುವ ಗುಪ್ತಚರ ಅಧಿಕಾರಿ ಬರುತ್ತಾರೆ. ಇದಕ್ಕಿಂತ ಅಚ್ಚುಕಟ್ಟಾದ ಪತ್ತೇದಾರಿ ಆರಂಭ ಇನ್ಯಾವುದು? ಆದರೆ ತನಿಖೆ ಒಂದು ಹೆಜ್ಜೆ ಮುಂದೆ ಹೋದರೆ ಊರಿನ ಜಾತಿ, ಜಗಳ, ಪ್ರೇಮ, ಪುಕಾರುಗಳೆಲ್ಲ ಕಾಲಿಗೆ ಸುತ್ತಿಕೊಳ್ಳುತ್ತವೆ. ಸುಮಾರು ನೂರು ಪುಟ ದಾಟಿದ ಮೇಲೆ ನಾನು ಕೊಲೆಗಾರನನ್ನು ಹುಡುಕುವುದು ಬಿಟ್ಟು, ಪತ್ತೇದಾರಿಕೆಯಿಂದ ಏನಾದರೂ ತಿಳಿಯುತ್ತದಾ ಅಂತಲೇ ಅನುಮಾನಪಡತೊಡಗಿದ್ದೆ. ನಗುವಂತೂ ಪುಟಪುಟಕ್ಕೂ ಇದೆ. ಅಷ್ಟು ದೊಡ್ಡದು ಬೇಡ ಅನ್ನುವವರಿಗೆ ‘ಜುಗಾರಿ ಕ್ರಾಸ್’: ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ, ಒಂದು ರೈಲು, ಒಂದು ಹಳೇ ಕಾವ್ಯ, ಎಲ್ಲ ಒಂದು ದಿನದೊಳಗೆ. ಬೆಳಿಗ್ಗೆ ಹಿಡಿದರೆ ಸಂಜೆ ಕಾಫಿ ಹೊತ್ತಿಗೆ ಮುಗಿಯುತ್ತದೆ, ಅಡುಗೆ ಯಾರಾದರೂ ಮಾಡಿಕೊಟ್ಟರೆ.

ಕೆ.ಎನ್. ಗಣೇಶಯ್ಯ ಕೃಷಿ ವಿಜ್ಞಾನಿ. ಅವರ ‘ಕನಕ ಮುಸುಕು’ ಶುರುವಾಗುವ ಪ್ರಶ್ನೆ ನನಗೆ ಬಹಳ ಇಷ್ಟ. ಸೋಮನಾಥಪುರದ ದೇವಸ್ಥಾನ ಹೊಯ್ಸಳರ ಕಾಲದ್ದು, 13ನೇ ಶತಮಾನ. ಮುಸುಕಿನ ಜೋಳ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದೇ 1492ರಲ್ಲಿ. ಹಾಗಿದ್ದರೆ ಆ ಗೋಡೆಯ ಶಿಲ್ಪಗಳ ಕೈಯಲ್ಲಿ ಜೋಳದ ತೆನೆಯಂಥದ್ದು ಹೇಗೆ ಬಂತು? ಅದು ಜೋಳವೇ ಅಲ್ಲ, ಮುತ್ತಿನ ಅಲಂಕಾರದ ಹಣ್ಣು ಅನ್ನುವ ವಿದ್ವಾಂಸರೂ ಇದ್ದಾರೆ. ಈ ಜಗಳದ ಮೇಲೆ ಥ್ರಿಲ್ಲರ್ ಕಟ್ಟುವುದಕ್ಕೆ ಧೈರ್ಯ ಬೇಕು. ಪಾತ್ರಗಳು ಕೆಲವು ಕಡೆ ಮೇಷ್ಟರ ಹಾಗೆ ಪಾಠ ಮಾಡುತ್ತವೆ ಅನ್ನುವುದು ನನ್ನ ತಕರಾರು. ಆದರೂ ಓದಿದ ಮೇಲೆ ನಾನು ಬಸ್ಸು ಹತ್ತಿ ಸೋಮನಾಥಪುರಕ್ಕೆ ಹೋಗಿ ಕತ್ತು ನೋಯುವವರೆಗೆ ಗೋಡೆ ನೋಡಿ ಬಂದೆ. ನನ್ನ ಕಣ್ಣಿಗೆ ಜೋಳವೇ. ಜೊತೆಗೆ ಬಂದವರ ಕಣ್ಣಿಗೆ ಹಣ್ಣು.

ಇನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇದನ್ನು ರಹಸ್ಯ ಕಾದಂಬರಿಗಳ ಸಾಲಿಗೆ ಸೇರಿಸಿದ್ದಕ್ಕೆ ಹಿಂದೊಮ್ಮೆ ಗೆಳೆಯರ ಜೊತೆ ಜೋರು ವಾದವೇ ಆಗಿತ್ತು. ಪತ್ತೇದಾರ ಇಲ್ಲ, ಹೆಣ ಇಲ್ಲ, ಪೊಲೀಸರು ಬರುವುದಿಲ್ಲ. ಕಾಫಿ ಹೌಸಿನಲ್ಲಿ ಕೂತ ಒಬ್ಬ, ಮಸಾಲೆ ಪುಡಿ ವ್ಯಾಪಾರದಿಂದ ದಿಢೀರ್ ದುಡ್ಡು ಕಂಡ ತನ್ನ ಮನೆಯ ಕಥೆ ಹೇಳುತ್ತಾನೆ, ಅಷ್ಟೇ. ಅವನ ಮಾತು ನಯವಾಗಿದೆ, ಎಲ್ಲ ಸರಿಯಾಗಿಯೇ ಇದೆ. ನೂರು ಚಿಲ್ಲರೆ ಪುಟ ಮುಗಿಸಿ ಮಡಚಿಟ್ಟ ಮೇಲೆ ಮಾತ್ರ, ಇಷ್ಟು ಹೊತ್ತು ನಾನು ಯಾರ ಪಕ್ಕ ಕೂತಿದ್ದೆ ಅಂತ ಬೆನ್ನಲ್ಲಿ ಚಳಿ ಶುರುವಾಗುತ್ತದೆ. ತಕ್ಷಣ ಮೊದಲ ಪುಟಕ್ಕೆ ಹೋದೆ. ನೀವೂ ಹೋಗುತ್ತೀರಿ.

ಇಂಗ್ಲಿಷ್ ಓದುವವರಿಗೆ ಅಗಾಥಾ ಕ್ರಿಸ್ಟಿಯ ಹೆಸರು ನಾನು ಹೇಳಬೇಕಾಗಿಲ್ಲ. ಒಂದೇ ಓದುವುದಿದ್ದರೆ, 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಅದರ ಬಗ್ಗೆ ಇದಕ್ಕಿಂತ ಒಂದಕ್ಷರ ಹೆಚ್ಚು ಹೇಳಿದರೂ ಅದು ಪಾಪದ ಕೆಲಸ.

ರಹಸ್ಯವೇ ಬೇಡ, ಎಲ್ಲಾದರೂ ದೂರ ಕರೆದುಕೊಂಡು ಹೋಗಬೇಕು ಅನ್ನುವವರಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಇದೆ. ಲಿಸ್ಬನ್, ಗೋವಾ, ವಿಜಯನಗರದ ಸೀಮೆ, ಹಡಗು, ಕಡಲು. ದಪ್ಪ ಪುಸ್ತಕ, ಮಲಗಿಕೊಂಡು ಓದಿದರೆ ಕೈ ಸೋಲುತ್ತದೆ.

ಸಹೋದ್ಯೋಗಿಗೆ ‘ಜುಗಾರಿ ಕ್ರಾಸ್’ ಕೊಟ್ಟು ಕಳಿಸಿದ್ದೆ. ರಜೆ ಮುಗಿಸಿ ಬಂದವರು ಪುಸ್ತಕ ತಂದಿರಲಿಲ್ಲ. ಅವರ ದೊಡ್ಡಮ್ಮ ಕಿತ್ತುಕೊಂಡರಂತೆ, 78 ವರ್ಷ, ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳಾಗಿದೆಯಷ್ಟೆ. ಓದುತ್ತ ಓದುತ್ತ “ಈ ಸುರೇಶಂಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವೇನೋ, ಕಂಡೋರನ್ನೆಲ್ಲ ನಂಬ್ತಾನಲ್ಲೋ” ಅಂತ ಮನೆಯವರನ್ನೆಲ್ಲ ಬೈಯುತ್ತಿದ್ದರಂತೆ. ನನ್ನ ಪ್ರತಿ ವಾಪಸು ಬರುವ ಲಕ್ಷಣವಿಲ್ಲ. ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಏನಾದರೂ ಸುಳ್ಳು ಬರೆದು ಕಳಿಸಬೇಕಿತ್ತು ಅಂತ ಈಗ ಹೊಳೆಯುತ್ತಿದೆ.