ಟೆಂಪ್ ಫೈಲ್ ಅಳಿಸಿದರೆ ಕಂಪ್ಯೂಟರ್ ವೇಗವಾಗಿ ಓಡುತ್ತದೆಯೇ?

"ದಿನಾ ಟೆಂಪ್, ಪ್ರಿಫೆಚ್ ಎರಡೂ ಫೋಲ್ಡರ್ ಖಾಲಿ ಮಾಡ್ರಿ, ಕಂಪ್ಯೂಟರ್ ಡಬಲ್ ಸ್ಪೀಡ್ ಆಗ್ತದ." ಕಲಬುರಗಿಯ ಝೆರಾಕ್ಸ್, ಡಿಟಿಪಿ ಅಂಗಡಿಯವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಮಾತಿದು. ಅರ್ಧ ಸರಿ, ಅರ್ಧ ತಪ್ಪು.

ಟೆಂಪ್ ಫೈಲ್‌ಗಳೆಂದರೆ ಪ್ರೋಗ್ರಾಂಗಳು ಕೆಲಸದ ನಡುವೆ ಬರೆದಿಟ್ಟು ಹಾಗೇ ಬಿಟ್ಟುಹೋದವು. ಅಳಿಸಿದರೆ ಸಿಗುವುದು ಜಾಗ, ವೇಗವಲ್ಲ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಮಾತ್ರ ವ್ಯತ್ಯಾಸ ಕಾಣಬಹುದು. ಕೆಲವು ಫೈಲ್ ಅಳಿಯದಿದ್ದರೆ ಗಾಬರಿ ಬೇಡ. ಯಾವುದೋ ಪ್ರೋಗ್ರಾಂ ಬಳಸುತ್ತಿರುತ್ತದೆ, ಸ್ಕಿಪ್ ಒತ್ತಿ.

ಪ್ರಿಫೆಚ್ ಮಾತ್ರ ಕಸವೇ ಅಲ್ಲ. 2001ರ ಎಕ್ಸ್‌ಪಿ ಕಾಲದಿಂದಲೂ ವಿಂಡೋಸ್, ಯಾವ ಪ್ರೋಗ್ರಾಂ ತೆರೆಯಲು ಯಾವ ಫೈಲ್ ಬೇಕೆಂದು ಅಲ್ಲಿ ಗುರುತಿಟ್ಟುಕೊಳ್ಳುತ್ತದೆ. ಅಳಿಸಿದರೆ ಮುಂದಿನ ಸಲ ಪ್ರೋಗ್ರಾಂ ಇನ್ನಷ್ಟು ನಿಧಾನವಾಗಿ ತೆರೆಯಬಹುದು. ಆಮೇಲೆ ವಿಂಡೋಸ್ ಅದನ್ನೇ ಮತ್ತೆ ಬರೆದುಕೊಳ್ಳುತ್ತದೆ. ಸುಮ್ಮನೆ ಕೈಕೆಲಸ!

ಟೆಂಪ್ ಫೈಲ್ ಅಳಿಸಲು ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋದರೆ ಸಾಕು. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ, ನೋಡ್ರಿ. ಗಿರಾಕಿಗಳ ಆಧಾರ್, ಪಹಣಿ, ಅಂಕಪಟ್ಟಿ ಬಿದ್ದಿರುವುದು ಅಲ್ಲೇ. ಅದರ ಮುಂದೆ ಟಿಕ್ ಇದ್ದರೆ ತೆಗೆದೇ ಮುಂದುವರಿಯಿರಿ. ಇಲ್ಲಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.