ಮೂರು, ಒಂದು, ಒಂದು, ನಾಲ್ಕು, ಎರಡು

ಜನವರಿ ಅಂದರೆ ಕೊಡಗಿನಲ್ಲಿ ರೋಬಸ್ಟಾ ಕಾಫಿ ಕುಯ್ಲಿನ ಭರಾಟೆ. ಕಣದ ತುಂಬ ಚೆರಿ, ಅಂದರೆ ಕಾಫಿ ಹಣ್ಣು. ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಅದು ಅಲ್ಲೇ ಒಣಗಬೇಕು, ಅಷ್ಟು ರಾತ್ರಿಯೂ ಕಾವಲು ಬೇಕು. ಕಾವಲು ಲೈನುಗಳಿಗೆ, ಅಂದರೆ ಕಾರ್ಮಿಕರ ಮನೆಸಾಲುಗಳಿಗೆ. ಸರದಿ ಮೇಸ್ತ್ರಿಯ ಬಾಯಲ್ಲಿ: ಮೂರನೇ ಲೈನು, ಒಂದು, ಒಂದು, ನಾಲ್ಕು, ಎರಡು, ಮತ್ತೆ ಮೊದಲಿಂದ. ಒಂದನೇ ಲೈನಿನಲ್ಲಿ ಮನೆಗಳು ಜಾಸ್ತಿ, ಹಾಗಾಗಿ ಎರಡು ರಾತ್ರಿ. ಮೂರು ಯಾಕೆ ಮೊದಲು ಅಂತ ಕೇಳಬಾರದು.

ಇಷ್ಟನ್ನು ತೋಟದ ಗುಮಾಸ್ತ, ಅಂದರೆ ರೈಟರು, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ 20 ರಾತ್ರಿಗೆ 20 ಸಾಲು ಮಾಡಲು ಕೂತಾಗ ತಮಾಷೆ ಶುರು.

ಮೊದಲ ಪೆಟ್ಟು ಯೂನಿಯನ್ನಿನದು. ಸಾಲು ಕೊಡುವ ಐದು ಸೆಲೆಕ್ಟ್ ಬರೆದು ನಡುನಡುವೆ ಅವನ್ನು ಒಂದುಗೂಡಿಸುವ ಯೂನಿಯನ್ ಹಾಕಿದರೆ ಬರುವುದು ನಾಲ್ಕೇ ಸಾಲು. ಎರಡನೆಯ 'ಒಂದು' ಮಾಯ. ತೋಟದ ಯೂನಿಯನ್ ಆಗಿದ್ದರೆ ಕಳೆದುಹೋದ ಸರದಿಗೆ ಗೇಟಿನ ಮುಂದೆ ಕೂರುತ್ತಿತ್ತು; ಈ ಯೂನಿಯನ್ ತಾನೇ ನುಂಗುತ್ತದೆ, ಒಂದೇ ಥರದ ಸಾಲು ಎರಡಿದ್ದರೆ ಒಂದನ್ನೇ ಉಳಿಸುವುದು ಅದರ ಕೆಲಸ. ಯೂನಿಯನ್ ಆಲ್ ಅಂದರೆ ಐದೂ ಉಳಿಯುತ್ತವೆ. ಅದಕ್ಕಿಂತ ಒಳ್ಳೆಯದು, ಪ್ರತಿ ಲೈನಿನ ಪಕ್ಕ ಅದರ ಸ್ಥಾನವನ್ನೂ ಬರೆಯುವುದು: 1ಕ್ಕೆ 3, 2ಕ್ಕೆ 1, 3ಕ್ಕೆ 1, 4ಕ್ಕೆ 4, 5ಕ್ಕೆ 2. ಈ ಸ್ಥಾನದ ಕಾಲಂ ಇಲ್ಲದೆ ಹೊರಟವರು ಮುಂದೆ ಎಲ್ಲಿಯಾದರೂ ಜಾರುತ್ತಾರೆ.

ಎಲ್ಲಿ ಅಂದರೆ, ಇಲ್ಲೇ. ಐದು ಸಾಲನ್ನು ನಾಲ್ಕು ಸುತ್ತಿನ ಜೊತೆ ಕ್ರಾಸ್ ಜಾಯಿನ್ ಮಾಡಿದರೆ, ಅಂದರೆ ಪ್ರತಿ ಸಾಲನ್ನೂ ಪ್ರತಿ ಸುತ್ತಿನ ಜೊತೆ ಜೋಡಿಸಿದರೆ, 20 ಸಾಲು ಸಿಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ, ಸಂಖ್ಯೆಗಳನ್ನು ಸಾಲಾಗಿ ಕೊಡುವ ಜನರೇಟ್ ಸೀರೀಸ್‌ಗೆ 1 ಮತ್ತು 4 ಕೊಟ್ಟರೆ ಸುತ್ತುಗಳು ತಯಾರು. ಆದರೆ ಕ್ರಮ ಹೇಳುವ ಆರ್ಡರ್ ಬೈ ಬರೆಯದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಗ್ಯಾರಂಟಿ ಇಲ್ಲ. ಅಚ್ಚುಕಟ್ಟಾಗಿರಲಿ ಅಂತ ಲೈನ್ ನಂಬರಿನ ಮೇಲೆ ಜೋಡಿಸಿದರೆ ಒಂದನೇ ಲೈನಿಗೆ ಸತತ ಎಂಟು ರಾತ್ರಿ ಕಾವಲು. ಬರೀ ಸ್ಥಾನದ ಮೇಲೆ ಜೋಡಿಸಿದರೆ ಮೂರನೇ ಲೈನಿಗೆ ನಾಲ್ಕು ರಾತ್ರಿ ನಿದ್ದೆ ಇಲ್ಲ. ಮೊದಲು ಸುತ್ತು, ಆಮೇಲೆ ಸ್ಥಾನ.

ಕ್ರಾಸ್ ಜಾಯಿನ್ ಬೇಡ, ಶೇಷ ತೆಗೆದೇ ಸರದಿ ಹಚ್ಚುತ್ತೇನೆ ಅನ್ನುವ ಲೆಕ್ಕಶೂರರೂ ಇದ್ದಾರೆ. ರಾತ್ರಿಯ ಸಂಖ್ಯೆಯನ್ನು 5ರಿಂದ ಭಾಗಿಸಿ ಉಳಿದದ್ದನ್ನು ಸ್ಥಾನಕ್ಕೆ ಹೊಂದಿಸುವುದು. ಐದನೇ ರಾತ್ರಿ ಶೇಷ 0. ಸೊನ್ನೆಯನೇ ಸ್ಥಾನ ಯಾವ ಲೈನಿಗೂ ಇಲ್ಲ. ಜೋಡಿ ಸಿಕ್ಕಿದ್ದನ್ನಷ್ಟೇ ಉಳಿಸುವ ಇನ್ನರ್ ಜಾಯಿನ್ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ: 5, 10, 15, 20ನೇ ರಾತ್ರಿ ಕಣಕ್ಕೆ ಕಾವಲೇ ಇಲ್ಲ, 16 ಸಾಲು ಮಾತ್ರ. ಎರಡನೇ ಲೈನಿನವರು ಹಾಯಾಗಿ ಮಲಗಿರುತ್ತಾರೆ, ದೂರು ಕೊಡುವ ಪೈಕಿ ಅವರಂತೂ ಅಲ್ಲ.

"ಎರಡನೇ ಲೈನು ಎಲ್ಲಿ ಹೋಯ್ತು ರೈಟರೇ?"

"ಶೇಷದಲ್ಲಿ ಹೋಯ್ತು ಸಾವ್ಕಾರ್ರೇ."

ಮದ್ದು ಸುಲಭ: ಮೊದಲು 1 ಕಳೆದು, 5ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸುವುದು. ಆಗ ಐದನೆಯದು ಐದಾಗಿಯೇ ಉಳಿಯುತ್ತದೆ, ಆರನೆಯದು ಒಂದಕ್ಕೆ ಮರಳುತ್ತದೆ.

ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುವ ರಿಕರ್ಸಿವ್ ಕ್ವೆರಿಯಲ್ಲಿ ಎಣಿಸುವವರಿಗೆ 20 ರಾತ್ರಿಯಲ್ಲಿ ತೊಂದರೆ ಇಲ್ಲ. ಅದನ್ನೇ ವರ್ಷಗಳಿಗೆ ಎಳೆದರೆ ಡೇಟಾಬೇಸುಗಳ ಪೈಕಿ ಎಸ್‌ಕ್ಯೂಎಲ್ ಸರ್ವರ್ ನೂರು ಸುತ್ತಿಗೆ, ಮೈಎಸ್‌ಕ್ಯೂಎಲ್ ಸಾವಿರಕ್ಕೆ ಎರರ್ ಕೊಟ್ಟು ನಿಲ್ಲುತ್ತದೆ. ಮಿತಿಯನ್ನು ಏರಿಸಬಹುದು.

ಇಷ್ಟಾದ ಮೇಲೆ ಅಕಾಲದಲ್ಲಿ ಮೋಡ ಕವಿಯುತ್ತದೆ. ಚೆರಿಯನ್ನೆಲ್ಲ ಬಾಚಿ ಗೋದಾಮಿಗೆ ಹಾಕಿದ ರಾತ್ರಿ ಕಾವಲು ಬೇಡ. ತಾರೀಕಿನಿಂದ ತಾರೀಕು ಕಳೆದು ಸರದಿ ಹಾಕಿದ ಕ್ವೆರಿಗೆ ಮೋಡ ಕಾಣುವುದಿಲ್ಲ. ಅಂದಿನ ಲೈನಿನ ಪಾಳಿ ಕಾವಲಿಲ್ಲದೆಯೇ ತೀರಿಹೋಗುತ್ತದೆ. ಆದ್ದರಿಂದ ತಾರೀಕನ್ನು ಬಿಟ್ಟು, ನಿಜವಾಗಿ ಕಾವಲಿದ್ದ ರಾತ್ರಿಗಳಿಗಷ್ಟೇ ರೋ ನಂಬರ್ (ಕ್ರಮಸಂಖ್ಯೆ) ಕೊಟ್ಟು ಆ ಸಂಖ್ಯೆಯ ಶೇಷ ತೆಗೆಯಬೇಕು. ಅದರಲ್ಲೂ ಒಂದು ಕೊಕ್ಕೆ: ಹಳೆಯ ರಾತ್ರಿಯೊಂದನ್ನು ತಡವಾಗಿ ಅಳಿಸಿದರೆ ಮುಂದಿನ ನಂಬರೆಲ್ಲ ಒಂದೊಂದು ಹಿಂದೆ ಸರಿದು, ಆಗಲೇ ಕಾದು ಮುಗಿಸಿದವರ ಹೆಸರೂ ಬದಲಾಗುತ್ತದೆ. ಹಾಗಾಗಿ ಕಳೆದ ರಾತ್ರಿಗಳ ಸರದಿಯನ್ನು ಟೇಬಲ್ಲಿನಲ್ಲಿ ಬರೆದೇ ಇಡಬೇಕು, ಲೆಕ್ಕ ನಾಳೆಯದಕ್ಕೆ ಮಾತ್ರ. ಸಂಬಳದ ದಿನ ಹಾಜರಿ ಪುಸ್ತಕವಾದ ಚೆಕ್‌ರೋಲಿಗೂ ಕಂಪ್ಯೂಟರಿಗೂ ತಾಳೆ ಬೀಳದಿದ್ದರೆ, ಮೇಸ್ತ್ರಿ ಬೆರಳು ಮಡಚಿ ಎಣಿಸಿದ್ದೇ ಪಾಸಾಗುತ್ತದೆ.