1923ರ ಜರ್ಮನಿ: ರೂರ್ ಮುಷ್ಕರಕ್ಕೆ ನೋಟು ಅಚ್ಚು ಹಾಕಿದ್ದು ಸರಿಯಾ?

ಪರ

ಜನವರಿ 11ರಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ಜರ್ಮನಿಯ ಕಲ್ಲಿದ್ದಲು ಗಣಿಗಳ ನಾಡು ರೂರ್ ಕಣಿವೆಗೆ ನುಗ್ಗಿತು. ನೆಪ ಏನು ಗೊತ್ತಾ? ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಕಟ್ಟಬೇಕಿದ್ದ ಯುದ್ಧ ಪರಿಹಾರದ ಲೆಕ್ಕದಲ್ಲಿ ಬರಬೇಕಿದ್ದ ಕಲ್ಲಿದ್ದಲು ಮತ್ತು ಟೆಲಿಗ್ರಾಫ್ ಕಂಬಗಳು ಪೂರ್ತಿ ಬಂದಿಲ್ಲ ಅಂತ. ಆಗ ಜರ್ಮನಿ ಏನು ಮಾಡಬೇಕಿತ್ತು ಹೇಳಿ. ಆ ಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದದ ಪ್ರಕಾರ ಅದರ ಸೈನ್ಯ ಒಂದು ಲಕ್ಷ ದಾಟುವ ಹಾಗಿರಲಿಲ್ಲ. ಹೊಡೆದಾಡುವ ಮಾತೇ ಇಲ್ಲ. ಹಾಗಂತ ಗಣಿಗಳ ಬೀಗದ ಕೈ ಕೊಟ್ಟು ಸುಮ್ನೆ ಕೂರುವ ಸರ್ಕಾರ ಒಂದು ವಾರವೂ ಉಳಿಯುತ್ತಿರಲಿಲ್ಲ. ಅದಕ್ಕೇ ಚಾನ್ಸಲರ್ ಕುನೋ ಅಸಹಕಾರಕ್ಕೆ ಕರೆ ಕೊಟ್ಟರು: ಫ್ರೆಂಚರಿಗಾಗಿ ಯಾರೂ ಕೆಲಸ ಮಾಡಬೇಡಿ, ಸಂಬಳ ಸರ್ಕಾರ ಕೊಡುತ್ತದೆ.

ಜನ ಅದನ್ನು ಪಾಲಿಸಿದ್ದು ತಮಾಷೆಗಲ್ಲ. ಮಾರ್ಚ್ 31ರಂದು ಎಸೆನ್‌ನ ಕ್ರುಪ್ ಕಾರ್ಖಾನೆಯ ವಾಹನಗಳನ್ನು ವಶಪಡಿಸಿಕೊಳ್ಳಲು ಫ್ರೆಂಚ್ ತುಕಡಿಯೊಂದು ಬಂತು, ಸೈರನ್ ಕೂಗಿತು, ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದು ಸುತ್ತ ನಿಂತರು, ಗುಂಡು ಹಾರಿ 13 ಜನ ಸತ್ತರು. ಇಂಥವರ ಮನೆಗೆ ಸಂಬಳ ತಲುಪಿಸಬಾರದಿತ್ತಾ?

ಈ ಸಂಬಳಕ್ಕೆ ನೋಟು ಅಚ್ಚು ಹಾಕಿದ್ದೇ ಹಣದುಬ್ಬರಕ್ಕೆ ಕಾರಣ ಅನ್ನುವವರು 1922ನ್ನು ಮರೆಯುತ್ತಾರೆ. ಯುದ್ಧಕ್ಕೆ ಮೊದಲು ಡಾಲರಿಗೆ 4.2 ಮಾರ್ಕ್ (ಜರ್ಮನಿಯ ಹಣ) ಇತ್ತು, ಸೈನ್ಯ ಬರುವ ಮೊದಲೇ ಅದು 7,000 ದಾಟಿತ್ತು. ಕಾಯಿಲೆ ಹಳೆಯದು. ಇನ್ನು ಫಲ ಸಿಗಲೇ ಇಲ್ಲವಾ? 1924ರಲ್ಲಿ ಡಾಸ್ ಯೋಜನೆ ಬಂದು ಪರಿಹಾರದ ಕಂತು ಹಗುರಾಯಿತು, 1925ರಲ್ಲಿ ಸೈನ್ಯ ರೂರ್ ಬಿಟ್ಟು ಹೋಯಿತು.

ವಿರೋಧ

ಕಾಯಿಲೆ ಹಳೆಯದು, ಒಪ್ಪೋಣ. ಆದರೆ ಜನವರಿಯಲ್ಲಿ ಡಾಲರಿಗೆ ಸರಾಸರಿ 18,000 ಇದ್ದ ಮಾರ್ಕ್ ನವೆಂಬರ್ 20ಕ್ಕೆ 4.2 ಲಕ್ಷ ಕೋಟಿ ಆಯಿತು. ಇದನ್ನೂ 1922ರ ತಲೆಗೆ ಕಟ್ಟಬೇಕಾ? ರೂರ್‌ನಿಂದ ತೆರಿಗೆ ಬರಲ್ಲ, ಕಲ್ಲಿದ್ದಲು ಬರಲ್ಲ, ಅದನ್ನು ವಿದೇಶದಿಂದ ಕೊಳ್ಳಬೇಕು, ಮೇಲೆ ಕೆಲಸವಿಲ್ಲದವರಿಗೆ ಸಂಬಳವೂ ಕೊಡಬೇಕು, ಇಷ್ಟಕ್ಕೂ ಇದ್ದದ್ದು ಒಂದೇ ದಾರಿ: ಅಚ್ಚಿನ ಯಂತ್ರ.

ಆ ನೋಟುಗಳನ್ನು ನೋಡಿದರೆ ಸಾಕು. 1922ರ ಡಿಸೆಂಬರ್ ತಾರೀಖಿನ ಸಾವಿರದ ನೋಟಿನ ಮೇಲೆ ಅಡ್ಡಡ್ಡ ಕೆಂಪಕ್ಷರದಲ್ಲಿ ನೂರು ಕೋಟಿ ಅಂತ ಮುದ್ರೆ ಒತ್ತಿ ಹೊರಗೆ ಬಿಟ್ಟರು. ಕೆಲವಕ್ಕೆ ಹಿಂಬದಿ ಅಚ್ಚು ಹಾಕಲೂ ಪುರುಸೊತ್ತಿರಲಿಲ್ಲ. ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಒಂದು ಬ್ರೆಡ್‌ಗೆ ಸುಮಾರು 20,000 ಕೋಟಿ ಮಾರ್ಕ್.

ಅಸಲಿಗೆ ಬಿಲ್ ಕಟ್ಟಿದ್ದು ಯಾರು? ಸರ್ಕಾರವನ್ನು ನಂಬಿ ಯುದ್ಧದ ಬಾಂಡ್ ಕೊಂಡವರು, ಪಿಂಚಣಿಯಲ್ಲಿ ಬದುಕುತ್ತಿದ್ದ ವಿಧವೆಯರು, ಬ್ಯಾಂಕಿನಲ್ಲಿ ನಾಲ್ಕು ಕಾಸು ಇಟ್ಟ ಮೇಷ್ಟ್ರುಗಳು. ಲಾಭ ಯಾರಿಗೆ? ಹ್ಯೂಗೋ ಸ್ಟಿನ್ನೆಸ್ ಥರದ ದೊಡ್ಡ ಉದ್ಯಮಿಗಳಿಗೆ. ಅವರು ಸಾಲ ಎತ್ತಿ ಕಂಪನಿ ಮೇಲೆ ಕಂಪನಿ ಕೊಂಡರು, ಸಾಲವನ್ನು ಬೆಲೆ ಇಲ್ಲದ ಕಾಗದದಲ್ಲಿ ತೀರಿಸಿದರು. ದೇಶಭಕ್ತಿಯ ಹೆಸರಲ್ಲಿ ಇದಕ್ಕಿಂತ ಚೆನ್ನಾದ ವ್ಯಾಪಾರ ಉಂಟಾ!

ಒಂದೆರಡು ತಿಂಗಳು ಪ್ರತಿಭಟಿಸಿ, ಜಗತ್ತಿನ ಗಮನ ಸೆಳೆದು ಮಾತುಕತೆಗೆ ಕೂತಿದ್ದರೆ ಬೇರೆ ಮಾತು. ಎಂಟು ತಿಂಗಳು ಎಳೆದರು. ಆಗಸ್ಟ್‌ನಲ್ಲಿ ಕುನೋ ಇಳಿದರು, ಅವರ ಜಾಗಕ್ಕೆ ಬಂದ ಸ್ಟ್ರೆಸೆಮನ್ ಸೆಪ್ಟೆಂಬರ್ 26ರಂದು ಯಾವ ಷರತ್ತೂ ಇಲ್ಲದೆ ಅಸಹಕಾರ ನಿಲ್ಲಿಸಿದರು, ನವೆಂಬರ್‌ನಲ್ಲಿ ಲಕ್ಷ ಕೋಟಿ ಮಾರ್ಕಿಗೆ ಒಂದರಂತೆ ರೆಂಟನ್‌ಮಾರ್ಕ್ ಎಂಬ ಹೊಸ ಹಣ ತಂದರು. ಡಾಸ್ ಯೋಜನೆಗೆ ದಾರಿಯಾಗಿದ್ದು ಹೀಗೆ ಅಸಹಕಾರ ನಿಲ್ಲಿಸಿದ್ದರಿಂದಲೇ ಹೊರತು ಮುಷ್ಕರದಿಂದ ಅಲ್ಲ. ಅಷ್ಟರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಒಂದು ದಂಗೆ ಎಬ್ಬಿಸಿ ಆಗಿತ್ತು. ಇನ್ನು ಯಾರ ಗಣಿಗಳನ್ನು ಉಳಿಸಲು ಇಷ್ಟೆಲ್ಲ ನಡೆಯಿತೋ ಆ ರೂರ್ ಮಾಲೀಕರೇ, ಸ್ಟಿನ್ನೆಸ್ ಸಮೇತ, ಫ್ರೆಂಚರಿಗೆ ಕಲ್ಲಿದ್ದಲು ಕೊಡುವ ಒಪ್ಪಂದಕ್ಕೆ ನವೆಂಬರ್‌ನಲ್ಲಿ ಸಹಿ ಹಾಕಿದರು.